ಲಿಫ್ಟಿನವನ ನಂಬರು

ಲಿಫ್ಟು ನಿಂತದ್ದು ಮೂರನೇ ಮಹಡಿಗೂ ನಾಲ್ಕನೇ ಮಹಡಿಗೂ ನಡುವೆ. ಒಳಗಿದ್ದದ್ದು ನಾನು, ನಮ್ಮ ಮನೆಯವರು ಮತ್ತು ಎರಡು ಚೀಲ ತರಕಾರಿ. ಬಾಗಿಲ ಪಕ್ಕದಲ್ಲಿ ಹಳದಿ ಚೀಟಿಯೊಂದನ್ನು ಅಂಟಿಸಿದ್ದರು: ‘ಲಿಫ್ಟ್ ನಿಂತರೆ ಗಾಬರಿಯಾಗಬೇಡಿ. ಈ ನಂಬರಿಗೆ ಫೋನ್ ಮಾಡಿ. 99799811.’

“ರೀ, ಫೋನ್ ತೆಗೀರಿ,” ಎಂದೆ.

“ತಡಿ,” ಎಂದರು ಇವರು, ಚೀಟಿಯಿಂದ ಕಣ್ಣು ಕೀಳದೆ. “ಮೂರಕ್ಕೆ ಹೋಗಲ್ಲ.”

“ಮೂರಕ್ಕಾದ್ರೂ ಹೋಗ್ಲಿ ನಾಲ್ಕಕ್ಕಾದ್ರೂ ಹೋಗ್ಲಿ, ಫೋನ್ ಮಾಡಿ!”

“ಈ ನಂಬರ್ ಮೂರರಿಂದ ಭಾಗ ಹೋಗಲ್ಲ ಅಂದೆ ಕಣೇ. ಅಂಕಿ ಕೂಡಿಸು, ಐವತ್ಮೂರು. ಏಳರಿಂದ ಹೋಗಲ್ಲ, ಆರು ಉಳಿಯುತ್ತೆ. ಹನ್ನೊಂದರಿಂದ... ಛೇ! ಒಂದೇ ಒಂದು ಉಳೀತಲ್ಲೇ!”

ಒಳಗಿನ ಫ್ಯಾನು ನಿಂತಿತ್ತು. ನನ್ನ ಬೆನ್ನಿನ ಮೇಲೆ ಬೆವರು ಹರಿಯುತ್ತಿತ್ತು. ಇವರು ಲಿಫ್ಟಿನ ಗೋಡೆಯ ಮೇಲೆ ಬೆರಳಿನಲ್ಲಿ ಹದಿಮೂರರಿಂದ ಭಾಗಿಸಿದರು, ಹದಿನೇಳರಿಂದ ಭಾಗಿಸಿದರು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎನ್ನುವುದನ್ನು ಯಾರೋ ನಮ್ಮಿಬ್ಬರನ್ನು ನೋಡಿಯೇ ಹೇಳಿರಬೇಕು. ಕೊನೆಗೆ ಇವರ ಜೇಬಿಗೆ ಕೈಹಾಕಿ ಫೋನು ಕಿತ್ತುಕೊಂಡು ನಾನೇ ಕರೆ ಮಾಡಿದೆ.

ಸುಮಾರು ಹೊತ್ತಾದ ಮೇಲೆ ಮೇಲಿನಿಂದ ಬಾಗಿಲು ಕಿರುಗುಟ್ಟಿತು. ಎಣ್ಣೆ ಮೆತ್ತಿದ ನೀಲಿ ಅಂಗಿಯ ಹುಡುಗನೊಬ್ಬ ಬಗ್ಗಿ ಕೈಚಾಚಿದ. ನಾನು ಹತ್ತಿದೆ, ತರಕಾರಿ ಹತ್ತಿತು. ಇವರು ಮಾತ್ರ ಹತ್ತಲಿಲ್ಲ.

“ಒಂದು ನಿಮಿಷ ಇರಪ್ಪ, ಎಂಬತ್ತೊಂಬತ್ತರಲ್ಲಿ ಇದೀನಿ.”

“ಸರ್, ಮೊದ್ಲು ಮೇಲೆ ಬನ್ನಿ. ಆಮೇಲೆ ಬೇಕಾದಷ್ಟು ಭಾಗಿಸೋರಂತೆ.”

“ಈ ನಂಬರ್ ನಿಂದೇನಾ?”

“ಹೌದು ಸರ್, ಕಂಪನಿ ಕೊಟ್ಟ ಎಂಟಂಕಿ ನಂಬರು.”

“ಒಳ್ಳೇ ನಂಬರಯ್ಯಾ,” ಎಂದರು ಇವರು. ನನ್ನ ಮೂವತ್ತೈದು ವರ್ಷದ ಅಡುಗೆಗೆ ಒಂದು ದಿನವೂ ಆ ದನಿಯಲ್ಲಿ ಹೊಗಳಿಕೆ ಸಿಕ್ಕಿರಲಿಲ್ಲ.

ಅದೇ ಹೊತ್ತಿಗೆ ಕೆಲಸ ಮುಗಿಸಿ ಮೆಟ್ಟಿಲು ಹತ್ತಿ ಬಂದಳು ನಮ್ಮ ಕಿರಿಯ ಮಗಳು. ಅವಳು ಹಲ್ಲು ಬಿದ್ದವರಿಗೆ ಕಟ್ಟಿಸುವ ಹಲ್ಲು ಮಾಡುವವಳು. ಸುಣ್ಣದ ಪುಡಿ ಮೆತ್ತಿದ ಕೈಯಲ್ಲಿ ಯಾರದೋ ಮೇಲ್ದವಡೆಯ ಅಚ್ಚು ಹಿಡಿದುಕೊಂಡಿದ್ದಳು. ಹುಡುಗ ಆ ಹಲ್ಲು ನೋಡಿದ, ಅವಳನ್ನು ನೋಡಿದ, ಆಮೇಲೆ ನಮ್ಮ ತರಕಾರಿ ಚೀಲಗಳನ್ನು ಕೇಳದೆಯೇ ಎತ್ತಿಕೊಂಡು ಮನೆಯವರೆಗೂ ತಂದುಕೊಟ್ಟ. ಮುಂದಿನ ತಿಂಗಳುಗಳಲ್ಲಿ ನಮ್ಮ ಲಿಫ್ಟಿನಷ್ಟು ಆರೈಕೆ ಊರಿನ ಯಾವ ಲಿಫ್ಟಿಗೂ ಸಿಗಲಿಲ್ಲ. ಕೆಟ್ಟರೂ ಬರುತ್ತಿದ್ದ, ಕೆಡದಿದ್ದರೂ ಬರುತ್ತಿದ್ದ.

ಇಲ್ಲಿ ನಮ್ಮ ಮನೆಯವರ ವಿಷಯ ಸ್ವಲ್ಪ ಹೇಳಬೇಕು. ಇವರು ಗಣಿತದ ಮೇಷ್ಟ್ರು, ಈಗ ನಿವೃತ್ತರು. ಯಾವ ಲೆಕ್ಕ ಮುಗಿದರೂ “ಶೇಷ ಎಷ್ಟು?” ಎಂದು ಕೇಳುತ್ತಿದ್ದುದರಿಂದ ಶಾಲೆಯಲ್ಲಿ ಇವರಿಗೆ ಶೇಷ ಮೇಷ್ಟ್ರು ಎಂದೇ ಹೆಸರು. ಎದುರಿಗೆ ಸಿಕ್ಕಿದ ಯಾವ ದೊಡ್ಡ ಸಂಖ್ಯೆಯನ್ನಾದರೂ ಸರಿ, ಒಡೆದು ಅದರೊಳಗೆ ಏನಿದೆ ಎಂದು ನೋಡದೆ ಇವರಿಗೆ ನಿದ್ದೆ ಬರುವುದಿಲ್ಲ. ನನ್ನನ್ನು ನೋಡಲು ಬಂದ ದಿನ ಇವರು ಆಡಿದ ಮೊದಲ ಮಾತು ನಮ್ಮ ಮನೆ ನಂಬರಿನ ಬಗ್ಗೆ. “ತೊಂಬತ್ತೊಂದು! ನೋಡೋಕೆ ಅವಿಭಾಜ್ಯದ ಹಾಗೆ ಕಾಣುತ್ತೆ, ಒಳಗೆ ನೋಡಿದ್ರೆ ಏಳು ಹದಿಮೂರ್ಲೆ.” ಅದು ಹೊಗಳಿಕೆಯೋ ಬೈಗುಳವೋ ನನಗೆ ಇವತ್ತಿಗೂ ಗೊತ್ತಿಲ್ಲ. ದೊಡ್ಡ ಅಳಿಯನ ಫೋನ್ ನಂಬರು ಎರಡು, ಮೂರು, ಐದು, ಏಳು ಎಲ್ಲದರಿಂದಲೂ ಭಾಗ ಹೋಗುತ್ತಿತ್ತು. “ಎಲ್ಲರ ಜೊತೆ ಹೊಂದ್ಕೋತಾನೆ,” ಎಂದರು. ನಿಜ, ಯಾವ ಸೋಫಾಕ್ಕಾದರೂ ಹೊಂದಿಕೊಂಡು ಮಲಗುತ್ತಾನೆ.

ಜಾತಕ ಗೀತಕ ಎಂದರೆ ಇವರಿಗೆ ಮೈಯೆಲ್ಲ ಉರಿಯುತ್ತದೆ. “ನಾನು ಭವಿಷ್ಯ ನೋಡ್ತಿಲ್ಲ, ಪರಿಚಯ ಮಾಡ್ಕೋತಿದೀನಿ,” ಎನ್ನುತ್ತಾರೆ.

ಇಷ್ಟಾದರೆ ಹೊಟ್ಟೆಗೆ ಹಾಕಿಕೊಳ್ಳಬಹುದಿತ್ತು. ಆದರೆ ಇವರಿಗೆ ಎರಡು ನಿಯಮಗಳಿವೆ. ಕೈಯಲ್ಲಿ ಒಂದು ಲೆಕ್ಕ ಇರುವಾಗ ಬೇರೆ ಯಾವ ತೀರ್ಮಾನವನ್ನೂ ಮಾಡುವುದಿಲ್ಲ. ಒಮ್ಮೆ ಶಾಲೆಯಲ್ಲಿ ಬೆಂಕಿಯ ಗಂಟೆ ಹೊಡೆದಾಗ ಎಲ್ಲ ತರಗತಿಗಳೂ ಬಯಲಿಗೆ ಓಡಿದರೆ, ಇವರ ತರಗತಿ ಮಾತ್ರ ಶೇಷ ಬರುವವರೆಗೆ ಕುಳಿತಿತ್ತು. ಅದು ಸುಳ್ಳು ಗಂಟೆಯಾದದ್ದು ಆ ಮಕ್ಕಳ ಪುಣ್ಯ. ದೊಡ್ಡ ಮಗಳು ಹುಟ್ಟಿದಾಗಲೂ ಇವರು ಒಂದು ಲೆಕ್ಕದಲ್ಲಿದ್ದರು, ಅದು ಮುಗಿಯುವವರೆಗೆ ಆ ಮಗು ಹೆಸರಿಲ್ಲದೆ ಮಲಗಿತ್ತು. ಎರಡನೆಯ ನಿಯಮ, ಒಬ್ಬರು ಮಾಡುತ್ತಿರುವ ಲೆಕ್ಕದ ಉತ್ತರವನ್ನು ಇನ್ನೊಬ್ಬರು ಹೇಳಬಾರದು. “ಅದು ಊಟಕ್ಕೆ ಕೂತವರ ಮುಂದಿನ ತಟ್ಟೆ ಎಳ್ಕೊಂಡ ಹಾಗೆ,” ಎಂದು ಇವರು ಇಬ್ಬರು ಹೆಣ್ಣುಮಕ್ಕಳಿಗೂ ಮಾತು ಕಲಿಸುವಾಗಲೇ ಕಲಿಸಿಬಿಟ್ಟಿದ್ದರು.

ಹೀಗಿರುವಾಗ ಒಂದು ಸಂಜೆ ಕಿರಿಯ ಮಗಳು ನಮ್ಮಿಬ್ಬರ ಎದುರು ಕುಳಿತು, ಲಿಫ್ಟಿನ ಹುಡುಗನನ್ನು ಮದುವೆಯಾಗುತ್ತೇನೆ ಎಂದಳು. ಮೂವತ್ತು ದಾಟಿದ ಮಗಳು, ಬಂದ ನೆಂಟಸ್ತಿಕೆಗಳನ್ನೆಲ್ಲ “ಕೂರಲ್ಲ ಅಮ್ಮಾ” ಎಂದು ಹಲ್ಲಿನ ಸೆಟ್ಟಿನ ಹಾಗೆ ತಿರಸ್ಕರಿಸಿದವಳು, ತಾನಾಗಿ ಒಬ್ಬನನ್ನು ತೋರಿಸುತ್ತಿದ್ದಾಳೆ. ನನಗೆ ಕುಣಿಯುವಷ್ಟು ಸಂತೋಷವಾಯಿತು. ಇವರ ಕಡೆ ತಿರುಗಿದೆ.

“ಹುಡುಗ ಒಳ್ಳೆಯವನೇ,” ಎಂದರು ಇವರು. “ಆದ್ರೆ ಅವನ ನಂಬರ್ ಇನ್ನೂ ಮುಗ್ದಿಲ್ಲ. ಮುಗೀಲಿ, ಹೇಳ್ತೀನಿ.”

ಲಿಫ್ಟಿನಲ್ಲಿ ಶುರುವಾದ ಭಾಗಾಕಾರ ಇನ್ನೂ ನಡೆಯುತ್ತಲೇ ಇತ್ತು ಎಂಬುದು ನನಗೆ ಗೊತ್ತಾದದ್ದೇ ಆಗ.

ಬಾಲ್ಕನಿಯ ಪಕ್ಕದ ಸಣ್ಣ ಕೋಣೆಯಲ್ಲಿ, ಶಾಲೆಯವರು ಬೇಡವೆಂದು ಬಿಸಾಡಿದ ಕರಿಹಲಗೆಯೊಂದನ್ನು ಇವರು ಗೋಡೆಗೆ ನಿಲ್ಲಿಸಿಕೊಂಡಿದ್ದಾರೆ. ನಾನು ಒಣಗಿಸುವ ಬಟ್ಟೆಗಳಿಗೆಲ್ಲ ಅದರ ಸುಣ್ಣದ ಪುಡಿ. ಹಲಗೆಯ ನೆತ್ತಿಯ ಮೇಲೆ ದಪ್ಪಕ್ಷರದಲ್ಲಿ ಒಂಬತ್ತು ಕೋಟಿ ತೊಂಬತ್ತೇಳು ಲಕ್ಷದ ತೊಂಬತ್ತೊಂಬತ್ತು ಸಾವಿರದ ಎಂಟುನೂರ ಹನ್ನೊಂದು. ಅದನ್ನು ಯಾರೂ ಅಳಿಸುವಂತಿಲ್ಲ. ಪಕ್ಕದ ಗೋಡೆಯಲ್ಲಿ ಹತ್ತು ಸಾವಿರದೊಳಗಿನ ಅವಿಭಾಜ್ಯ ಸಂಖ್ಯೆಗಳ ಪಟ. ಅಂದರೆ ಒಂದನ್ನೂ ತಮ್ಮನ್ನೂ ಬಿಟ್ಟು ಬೇರೆ ಯಾವುದರಿಂದಲೂ ಭಾಗ ಹೋಗದ ಹಟಮಾರಿಗಳು. ಅಂಥವು ಅದರಲ್ಲಿ ಒಂದು ಸಾವಿರದ ಇನ್ನೂರ ಇಪ್ಪತ್ತೊಂಬತ್ತಿವೆ.

“ಅಷ್ಟರಿಂದಲೂ ಭಾಗಿಸ್ಬೇಕಾ?” ಎಂದು ಕೇಳಿದೆ.

“ಯಾವುದಾದ್ರೂ ಒಂದರಿಂದ ಶೇಷ ಇಲ್ದೆ ಹೋದ್ರೆ ಅಲ್ಲಿಗೇ ಮುಗೀತು. ಒಂದರಿಂದಲೂ ಹೋಗ್ಲಿಲ್ಲ ಅಂದ್ರೆ ಇದೂ ಅವಿಭಾಜ್ಯವೇ.”

“ಹತ್ತು ಸಾವಿರಕ್ಕೇ ಯಾಕೆ ನಿಲ್ಸೋದು? ಕೋಟಿವರೆಗೂ ಹೋಗಿ!” ಎಂದೆ, ಕೋಪದಲ್ಲಿ.

ಇವರಿಗೆ ನನ್ನ ಕೋಪ ಅರ್ಥವಾಗಲಿಲ್ಲ, ಪ್ರಶ್ನೆ ಇಷ್ಟವಾಯಿತು. ಒಂದು ಸಂಖ್ಯೆಯನ್ನು ಭಾಗಿಸುವವು ಯಾವಾಗಲೂ ಗಂಡಹೆಂಡಿರ ಹಾಗೆ ಜೋಡಿಯಲ್ಲೇ ಇರುತ್ತವಂತೆ. ಒಬ್ಬರ ಪತ್ತೆ ಹತ್ತಿದರೆ ಇನ್ನೊಬ್ಬರೂ ಸಿಕ್ಕ ಹಾಗೆ. ಇಬ್ಬರೂ ಹತ್ತು ಸಾವಿರ ದಾಟಿದವರಾದರೆ ಗುಣಿಸಿದಾಗ ಹತ್ತು ಕೋಟಿಯನ್ನೇ ಮೀರಿಬಿಡುತ್ತಾರೆ, ನಮ್ಮದು ಅಷ್ಟಿಲ್ಲ. ಆದ್ದರಿಂದ ಜೋಡಿ ಇದ್ದರೆ ಚಿಕ್ಕದು ಹತ್ತು ಸಾವಿರದೊಳಗೇ ಅಡಗಿರಬೇಕು. ಇದನ್ನು ಇವರು ಎಷ್ಟು ಚೆನ್ನಾಗಿ ವಿವರಿಸಿದರೆಂದರೆ, ಬೈಯಲು ಹೋದವಳು ಅರ್ಥಮಾಡಿಕೊಂಡು ವಾಪಸ್ಸು ಬಂದೆ.

ಆ ರಾತ್ರಿ ಊಟದ ಪಾತ್ರೆ ತೊಳೆಯುವಾಗ ಮಗಳು ತನ್ನ ಫೋನನ್ನು ನನ್ನ ಮುಂದೆ ಹಿಡಿದಳು. ಇವರು ತಿಂಗಳುಗಟ್ಟಲೆ ತಿಣುಕುತ್ತಿದ್ದ ಸಂಖ್ಯೆಯನ್ನು ಅದು ನಾನು ಕಣ್ಣು ಮಿಟುಕಿಸುವುದರೊಳಗೆ ಒಡೆದು ಹಾಕಿತ್ತು: 9973, 10007.

“ಜೋಡಿ ಇದೆಯಲ್ಲೇ! ಮತ್ತೇನು, ಹೋಗಿ ಹೇಳು!”

“ಅಮ್ಮಾ, ಈ 9973 ಇದೆಯಲ್ಲ, ಇದು ಅಪ್ಪನ ಪಟದಲ್ಲಿ ಕಟ್ಟಕಡೇದು. ಅದಕ್ಕೆ ಮುಂಚಿನ ಸಾವಿರದ ಇನ್ನೂರ ಇಪ್ಪತ್ತೆಂಟರಲ್ಲಿ ಒಂದರಿಂದಲೂ ಹೋಗಲ್ಲ.”

“ಅದಕ್ಕೇ ಹೇಳು ಅಂತಿರೋದು!”

ಅವಳು ಫೋನನ್ನು ಜೇಬಿಗೆ ಹಾಕಿಕೊಂಡಳು. “ಅಪ್ಪ ಮಾಡ್ತಿದಾರಮ್ಮಾ.”

ದೇವರು ವರ ಕೊಟ್ಟರೂ ಪೂಜಾರಿ ಕೊಡ! ಹೆತ್ತದ್ದು ನಾನು, ಹುಟ್ಟಿದ್ದು ಮಾತ್ರ ಇವರೇ. ಅವಳ ಕೆಲಸದ ಜಾಗಕ್ಕೆ ಒಮ್ಮೆ ಹೋಗಿದ್ದೆ. ಒಂದು ದವಡೆ ಹಲ್ಲಿಗೆ ನೀಲಿ ಕಾಗದ ಕಚ್ಚಿಸಿ, ಎಲ್ಲಿ ಬಣ್ಣ ಅಂಟಿತೋ ಅಲ್ಲಿ ಕೂದಲೆಳೆಯಷ್ಟು ಉಜ್ಜಿ, ಮತ್ತೆ ಕಚ್ಚಿಸಿ, ಮತ್ತೆ ಉಜ್ಜಿ, ಮಧ್ಯಾಹ್ನವೆಲ್ಲ ಕಳೆದಿದ್ದಳು. ಮುದುಕರೊಬ್ಬರು “ಸಾಕು ಬಿಡಮ್ಮಾ, ಅಗಿಯೋಕೆ ಬರುತ್ತೆ,” ಎಂದರೆ, “ನಿಮಗೆ ಬರುತ್ತೆ, ನನಗೆ ಸರಿಹೋಗಲ್ಲ,” ಎಂದಿದ್ದಳು. ಇಂಥವಳಿಗೆ ನಾನು ಏನು ಹೇಳಲಿ?

ಇವರ ಲೆಕ್ಕಕ್ಕೆ ಬೆಳಗಿನ ಚಹಾದಿಂದ ಸ್ನಾನದವರೆಗಿನ ಹೊತ್ತು ಮಾತ್ರ ಮೀಸಲು. ಭಾಗಿಸುವುದು, ಮತ್ತೆ ಗುಣಿಸಿ ತಾಳೆ ನೋಡುವುದು, ಪಟದಲ್ಲಿ ಆ ಸಂಖ್ಯೆಗೆ ಗೀಟು ಹಾಕುವುದು, ಹಲಗೆ ಒರೆಸುವುದು. ಭಾನುವಾರ ಲಿಫ್ಟಿನ ಹುಡುಗ ಬಂದು ಸ್ಟೂಲಿನ ಮೇಲೆ ಕುಳಿತು ಡಸ್ಟರ್ ಹಿಡಿದುಕೊಳ್ಳುತ್ತಿದ್ದ. ಉತ್ತರ ಅವನಿಗೂ ಗೊತ್ತಿತ್ತು, ಮಗಳು ಹೇಳಿದ್ದಳು.

“ಇವತ್ತು ನಾಲ್ಕು ಸಾವಿರ ದಾಟಿದ್ವಿ,” ಎನ್ನುವರು ಇವರು.

“ಭೇಷ್ ಸರ್,” ಎನ್ನುವನು ಅವನು, ಇನ್ನೂ ಉಳಿದ ಆರು ಸಾವಿರವನ್ನು ಉಗುಳಿನ ಜೊತೆ ನುಂಗಿಕೊಂಡು.

ನಾನು ಸುಮ್ಮನೆ ಕೂರುವವಳಲ್ಲ. ಒಂದು ದಿನ ಚಹಾ ಕೊಡುವಾಗ ಏನೂ ಅರಿಯದವಳಂತೆ, “ರೀ, ಎಲ್ಲರೂ ಮೊದಲಿಂದ ಶುರು ಮಾಡ್ತಾರೆ. ನೀವು ಕೊನೆಯಿಂದ ಮಾಡ್ಕೊಂಡು ಬಂದ್ರೆ ಹೇಗೆ?” ಎಂದೆ.

“ಮೆಟ್ಟಿಲನ್ನ ಯಾರಾದ್ರೂ ಮೇಲಿಂದ ಕಟ್ತಾರೇನೇ?” ಎಂದು ನಕ್ಕರು.

ಬಾಗಿಲ ಮರೆಯಲ್ಲಿದ್ದ ಮಗಳು ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋದಳು. “ಅಮ್ಮಾ, ಅದು ಸುಳಿವು ಕೊಟ್ಟ ಹಾಗೆ!” ಎಂದು ಗದರಿದಳು. ಅವಳ ಮದುವೆ, ನನಗೆ ಗದರಿಕೆ!

ಎಂಟು ಸಾವಿರ ದಾಟಿದ ಮೇಲೆ ಇವರ ಕೈ ನಿಧಾನವಾಯಿತು. ಮೊದಲು ದಿನಕ್ಕೆ ಹತ್ತುಹನ್ನೆರಡು ಭಾಗಾಕಾರ ಆಗುತ್ತಿದ್ದದ್ದು ಐದಕ್ಕೆ ಇಳಿಯಿತು, ಆಮೇಲೆ ಎರಡಕ್ಕೆ. ಸೀಮೆಸುಣ್ಣ ಸರಿಯಿಲ್ಲ ಎಂದರು. ಮೋಡ ಮುಚ್ಚಿದೆ, ಹಲಗೆ ಕಾಣುತ್ತಿಲ್ಲ ಎಂದರು. ಹೆಬ್ಬೆರಳು ನೋವು ಎಂದರು. ನನಗೆ ಪಿತ್ತ ನೆತ್ತಿಗೇರಿ ಒಂದು ಬೆಳಿಗ್ಗೆ ಕೇಳಿಯೇಬಿಡೋಣ ಎಂದು ಹೋದೆ. ಇವರು ಸೀಮೆಸುಣ್ಣ ಹಿಡಿದು ಕುಳಿತಿದ್ದರು, ನೆತ್ತಿಯ ನಂಬರು ಬಿಟ್ಟರೆ ಹಲಗೆ ಖಾಲಿಯಿತ್ತು. ನೋಡುತ್ತಿದ್ದುದು ಹಲಗೆಯನ್ನಲ್ಲ, ಬಾಗಿಲಾಚೆ ನಿಂತು ಅವಸರದಲ್ಲಿ ಊಟದ ಡಬ್ಬಿಗೆ ಮುಚ್ಚಳ ಹಾಕುತ್ತಿದ್ದ ಮಗಳನ್ನು. ಅವಳು “ಬರ್ತೀನಪ್ಪಾ” ಎಂದು ಕೂಗಿ ಮೆಟ್ಟಿಲಿಳಿದ ಮೇಲೂ ಬಾಗಿಲನ್ನೇ ನೋಡುತ್ತಿದ್ದರು. ನನಗೆ ಅಯ್ಯೋ ಅನ್ನಿಸಿತು. ಕೋಪವೂ ಹೋಗಲಿಲ್ಲ. ಎರಡನ್ನೂ ಇಟ್ಟುಕೊಂಡು ವಾಪಸ್ಸು ಬಂದೆ.

ಆಮೇಲೆ ಒಂದು ಶನಿವಾರ ಮಗಳು ಊಟ ಮಾಡದೆ ಎದ್ದಳು. ಬಲವಂತ ಮಾಡಿದಾಗ ಬಾಯಿಬಿಟ್ಟಳು. ದೂರದ ಊರಿನಲ್ಲಿ ದೊಡ್ಡ ಆಸ್ಪತ್ರೆಯೊಂದು ಏಳುತ್ತಿದೆಯಂತೆ. ಅದರ ಲಿಫ್ಟುಗಳನ್ನೆಲ್ಲ ನೋಡಿಕೊಳ್ಳಲು ಹುಡುಗನನ್ನು ಮೂರು ವರ್ಷಕ್ಕೆ ಕಳಿಸುತ್ತಾರಂತೆ. ಒಬ್ಬನೇ ಬರುತ್ತಾನೋ, ಹೆಂಡತಿಯ ಜೊತೆ ಬರುತ್ತಾನೋ ಎಂದು ಅವನು ಭಾನುವಾರ ಸಂಜೆಯೊಳಗೆ ತಿಳಿಸಬೇಕು. ಒಬ್ಬನೇ ಎಂದರೆ ಹತ್ತು ಜನರ ಜೊತೆ ಒಂದು ಕೋಣೆ, ಮೂರು ವರ್ಷ ಹಾಗೆಯೇ. ಜೊತೆಯಲ್ಲಿ ಎಂದರೆ ಮನೆ ಕೊಡುತ್ತಾರೆ.

“ಅಪ್ಪನಿಗೆ ಹೇಳಿದ್ಯಾ?”

“ಇಲ್ಲ. ಅವಸರ ಮಾಡಿದ್ರೆ ಲೆಕ್ಕ ತಪ್ಪುತ್ತೆ.” ಹೇಳುತ್ತಲೇ ಕಣ್ಣು ಒರೆಸಿಕೊಂಡಳು. “ಅವನು ಕಾಯ್ತೀನಿ ಅಂದಿದಾನೆ ಅಮ್ಮಾ. ಆದ್ರೆ ಮೂರು ವರ್ಷ ನನ್ನಿಂದ ಆಗಲ್ಲ.”

ಭಾನುವಾರ ಬೆಳಿಗ್ಗೆ ನಾನು ಚಹಾ ಇಲ್ಲದೆಯೇ ಕೋಣೆಗೆ ನುಗ್ಗಿದೆ. ಪಟದಲ್ಲಿ ಗೀಟಿಲ್ಲದೆ ಉಳಿದದ್ದು ಒಂದೇ ಒಂದು ಸಂಖ್ಯೆ. ಅದು ಒಂದು ವಾರದಿಂದ ಹಾಗೆಯೇ ಉಳಿದಿತ್ತೆಂದು ನನಗೆ ಆಮೇಲೆ ತಿಳಿಯಿತು.

“ನೋಡಿ, ಇವತ್ತು ಸಂಜೆಯೊಳಗೆ ನೀವು ಬಾಯಿ ಬಿಡದಿದ್ರೆ ಆ ಹುಡುಗ ಒಬ್ಬನೇ ಮೂರು ವರ್ಷ ಹೋಗ್ತಾನೆ. ನಿಮ್ಮ ಮಗಳು ರಾತ್ರಿಯೆಲ್ಲಾ ಅತ್ತಿದಾಳೆ. ಲೆಕ್ಕ ತಪ್ಪುತ್ತೆ ಅಂತ ನಿಮಗೆ ಹೇಳಿಲ್ಲ. ನನಗೆ ನಿಮ್ಮ ಲೆಕ್ಕ ಸರಿಹೋದ್ರೂ ಒಂದೇ, ತಪ್ಪಿದ್ರೂ ಒಂದೇ!”

ಇವರ ಮುಖ ಸಣ್ಣದಾಯಿತು. “ಇನ್ನೊಂದೇ ಉಳಿದಿರೋದು,” ಎಂದರು.

“ಹಾಗಾದ್ರೆ ಮಾಡಿ ಮುಗ್ಸಿ!” ಎಂದು ಬಾಗಿಲು ಎಳೆದುಕೊಂಡು ಬಂದೆ.

ಮನಸ್ಸು ಹಗುರಾಯಿತು. ಒಂದೇ ಭಾಗಾಕಾರ, ಅದರಲ್ಲೇ ಒಡೆಯುತ್ತದೆ. ಹತ್ತು ನಿಮಿಷದಲ್ಲಿ ಇವರು ಕುಣಿದುಕೊಂಡು ಹೊರಗೆ ಬರುತ್ತಾರೆ. ಅಷ್ಟರಲ್ಲಿ ಹುಡುಗನೂ ಬಂದ. ಒಗೆದ ಅಂಗಿ ಹಾಕಿಕೊಂಡು, ಸಾವಿನ ಮನೆಗೆ ಬಂದವನ ಮುಖ ಮಾಡಿಕೊಂಡು ಬಾಗಿಲ ಹತ್ತಿರವೇ ನಿಂತ. ಮಗಳು ಅವನಿಗೆ ನೀರು ಕೊಟ್ಟಳು. ಅವನು ಕುಡಿಯುವಷ್ಟರಲ್ಲಿ ಕೋಣೆಯ ಬಾಗಿಲು ತೆರೆಯಿತು.

ಇವರು ಕೈಗೆ ಅಂಟಿದ ಸುಣ್ಣ ಕೊಡವಿಕೊಂಡು ನಮ್ಮೆಲ್ಲರನ್ನೂ ಒಂದು ಸುತ್ತು ನೋಡಿದರು.

“ಅವಿಭಾಜ್ಯ,” ಎಂದರು. “ಯಾವುದರಿಂದಲೂ ಹೋಗಲ್ಲ. ಲೆಕ್ಕ ಮುಗೀತು. ಮದುವೆಗೆ ನನ್ನ ಒಪ್ಪಿಗೆ ಇದೆ.”

ಹುಡುಗನ ಕೈಯ ಲೋಟ ಅರ್ಧದಲ್ಲೇ ನಿಂತಿತು. ನಾನು ಮಗಳ ಮುಖ ನೋಡಿದೆ, ಅವಳು ನನ್ನ ಮುಖ ನೋಡಿದಳು. ಉತ್ತರ ತಪ್ಪು ಎಂಬುದು ಆ ಮನೆಯಲ್ಲಿ ಇವರೊಬ್ಬರನ್ನು ಬಿಟ್ಟು ಎಲ್ಲರಿಗೂ ಗೊತ್ತಿತ್ತು. ಬೇರೆ ಯಾರ ಮನೆಯಲ್ಲಾದರೂ ಇದು ಒಂದು ಸಮಸ್ಯೆಯೇ ಅಲ್ಲ. ಒಪ್ಪಿಗೆ ಸಿಕ್ಕಿತು, ಬಾಯಿ ಸಿಹಿ ಮಾಡಿಕೊಂಡು ಸುಮ್ಮನಿದ್ದರಾಯಿತು. ಹುಡುಗ ಬುದ್ಧಿವಂತ, ತಕ್ಷಣ ಬಗ್ಗಿ ಇವರ ಕಾಲು ಮುಟ್ಟಿದ. ನಾನು ಮಗಳ ಕೈ ಹಿಡಿದು ಬಲವಾಗಿ ಅದುಮಿದೆ. ಬಾಯಿ ಮುಚ್ಚಿಕೊಂಡಿರು ನನ್ನ ತಾಯಿ, ಒಂದೇ ಒಂದು ಸಲ ನನ್ನ ಮಗಳಾಗು, ನಿನ್ನ ದಮ್ಮಯ್ಯ.

ಅವಳು ತುಟಿ ಕಚ್ಚಿಕೊಂಡಳು. ಕಿಟಕಿಯ ಕಡೆ ತಿರುಗಿದಳು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. ತಪ್ಪು ಉತ್ತರವೊಂದು ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಸಿಕ್ಕಿಕೊಂಡಿದ್ದು ನನಗೆ ಕಾಣುತ್ತಲೇ ಇತ್ತು.

“ಅಪ್ಪಾ,” ಎಂದಳು. “ಕೊನೇದನ್ನ ಮಾಡಿದ್ರಾ?”

ಮುಗಿಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದುಕೊಂಡು ನಾನು ಕುರ್ಚಿಯಲ್ಲಿ ಕುಸಿದೆ. ಹುಡುಗ ಬಗ್ಗಿದವನು ಎದ್ದೇಳಬೇಕೋ ಬೇಡವೋ ತಿಳಿಯದೆ ಹಾಗೆಯೇ ಇದ್ದ.

ಇವರು ಶಾಲೆಯಲ್ಲಿ ಸಿಕ್ಕಿಬಿದ್ದ ಮಕ್ಕಳು ಹೇಗೆ ನಿಲ್ಲುತ್ತಾರೋ ಹಾಗೆ ನಿಂತರು. ಆಮೇಲೆ ತಿರುಗಿ ಕೋಣೆಗೆ ಹೋದರು. ನಾವು ಮೂವರೂ ಹಿಂದೆಯೇ ಹೋದೆವು. ಸೀಮೆಸುಣ್ಣ ಎತ್ತಿಕೊಂಡು 9973ರಿಂದ ಭಾಗಿಸಲು ಶುರುಮಾಡಿದರು. ಹತ್ತು ಸಾವಿರ ಸಲ ಹೋಯಿತು. ಉಳಿದದ್ದು ಅರವತ್ತೊಂಬತ್ತು ಸಾವಿರದ ಎಂಟುನೂರ ಹನ್ನೊಂದು. ಅದರಲ್ಲಿ ಏಳು ಸಲ. ಕಳೆದರು. ಹಲಗೆಯ ಕೆಳಗೆ ಒಂದು ಸೊನ್ನೆ ಕುಳಿತುಕೊಂಡಿತು.

“ಶೇಷ ಎಷ್ಟು?” ಎಂದು ತಮ್ಮನ್ನು ತಾವೇ ಕೇಳಿಕೊಂಡರು. “ಒಂಬತ್ತು ಸಾವಿರದ ಒಂಬೈನೂರ ಎಪ್ಪತ್ಮೂರು, ಹತ್ತು ಸಾವಿರದ ಏಳು. ಎರಡೂ ಅವಿಭಾಜ್ಯ! ಎರಡರ ನಡುವೆ ಇನ್ನೊಂದು ಅವಿಭಾಜ್ಯ ಇಲ್ಲ. ಪಕ್ಕಪಕ್ಕದ ಮನೆಯವರು. ಅಯ್ಯೋ ದೇವರೇ, ಇಂಥ ನಂಬರ್ ನಾನು ನೋಡೇ ಇಲ್ಲ.” ಆಮೇಲೆ ಮಗಳ ಕಡೆ ತಿರುಗಿದರು. “ನಿನಗೆ ಗೊತ್ತಿತ್ತು.”

“ಮೊದಲಿಂದಲೂ ಗೊತ್ತಿತ್ತಪ್ಪಾ.”

“ಮತ್ತೆ ಹೇಳ್ಲಿಲ್ಲ?”

“ನೀವು ಮಾಡ್ತಿದ್ರಲ್ಲ.”

ಇವರು ಸ್ಟೂಲಿನ ಮೇಲೆ ಕುಳಿತರು. “ಸೀಮೆಸುಣ್ಣ ಹಿಡಿದೆ, ಕೈ ಏಳ್ಲಿಲ್ಲ ಕಣಮ್ಮಾ. ಇದೊಂದು ಮುಗಿದ್ರೆ ನೀನು ಹೋಗ್ತೀಯಲ್ಲಾ ಅನ್ನಿಸ್ತು. ವಾರದಿಂದ ಹೀಗೇ ಕೂತಿದೀನಿ. ಇವತ್ತೂ ಕೂತ್ರೆ ನಾಳೆಗೆ ತಳ್ತೀನಿ, ನಾಳೆ ನಾಡಿದ್ದಿಗೆ ತಳ್ತೀನಿ ಅಂತ ನನ್ನ ಮೇಲೆ ನನಗೇ ಭಯ ಆಯ್ತು. ಅದಕ್ಕೇ ಮಾಡ್ದೇನೇ ಎದ್ದು ಬಂದುಬಿಟ್ಟೆ. ಇಷ್ಟರಿಂದ ಹೋಗದೆ ಇದ್ದದ್ದು ಇದೊಂದರಿಂದ ಹೋಗುತ್ತಾ ಅಂದ್ಕೊಂಡೆ. ಹುಟ್ಟಿದಾಗಿಂದ ಒಂದೇ ಒಂದು ಲೆಕ್ಕ ಬಿಟ್ಟೆ, ಅದೇ ಕೈಕೊಡ್ತು ನೋಡು.”

ಆದರೂ ಹುಡುಗನ ಕಡೆಯಿಂದ ಕೇಳಬೇಕಾದದ್ದನ್ನು ಯಾರಾದರೂ ಕೇಳಲೇಬೇಕಿತ್ತಲ್ಲ, ನಾನೇ ಕೇಳಿದೆ.

“ಈಗ ಉತ್ತರ ಬೇರೆ ಬಂತಲ್ಲ. ನಿಮ್ಮ ಒಪ್ಪಿಗೆ ವಾಪಸ್ಸಾ?”

ಇವರು ನನ್ನನ್ನು ದಡ್ಡ ವಿದ್ಯಾರ್ಥಿಯನ್ನು ನೋಡುವಂತೆ ನೋಡಿದರು.

“ಒಪ್ಪಿಗೆ ಲೆಕ್ಕ ನೋಡಿ ಕೊಟ್ಟಿದ್ದಲ್ಲ ಕಣೇ. ಲೆಕ್ಕ ಬಿಟ್ಟು ಕೊಟ್ಟಿದ್ದು. ಅದು ಹೇಗೆ ವಾಪಸ್ ಬರುತ್ತೆ?”

ಮಗಳು ಗೊಳೋ ಎಂದು ಅತ್ತಳು. ಇವರು ಎದ್ದು ಅವಳ ಕೈಯಲ್ಲಿ ಸೀಮೆಸುಣ್ಣ ಇಟ್ಟರು.

“ಮಾಡದೆ ಉತ್ತರ ಹೇಳಿದೀನಿ. ನನಗೆ ಎಷ್ಟು ಮಾರ್ಕು?”

“ಸೊನ್ನೆ, ಅಪ್ಪಾ,” ಎಂದಳು ಬಿಕ್ಕುತ್ತಾ.

“ಸರಿಯಾಗಿದೆ,” ಎಂದು ಇವರು ಅವಳ ತಲೆ ಸವರಿದರು.